ರನ್ನನ ಗದಾಯುದ್ಧವೂ ನಾಟಕದ ಋಣವೂ

೧

ಘಟಪ್ರಭೆಯ ದಡದಲ್ಲಿರುವ ಮುಧೋಳವು ಹತ್ತನೆಯ ಶತಮಾನದಲ್ಲಿ ಮುದುವೊಳಲೆಂಬ ಹೆಸರನ್ನು ತಾಳಿದ್ದಿತು. ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ್ದ ಈ ಊರಿನಲ್ಲಿ, ಬಳೆಗಾರರ ಮನೆತನದಲ್ಲಿ, ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಕ್ರಿ. ಶ. ೯೪೯ರಲ್ಲಿ ಕವಿ ರನ್ನನು ಜನಿಸಿದನೆಂಬುದು ಅವನ ಅಜಿತಪುರಾಣದಿಂದಲೇ ತಿಳಿದುಬರುತ್ತದೆ. ಹುಟ್ಟಿದ ನಾಡನ್ನು ಬಿಟ್ಟು ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ವಿದ್ಯೆಯನ್ನು ಕಲಿತು, ಚಾವುಂಡರಾಯನ ಆಶ್ರಯವನ್ನು ಪಡೆದು, ಅನಂತರ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಧರಿಸಿದ ಈ ಕವಿಯ ಜೀವನಕ್ರಮವು ವಾಚಕರಿಗೆ ತಿಳಿದುದೇ ಆಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೆತ್ತಲ್ಪಟ್ಟಿರುವುದನ್ನು ಇಂದಿಗೂ ಕಾಣಬಹುದು.

ಅವನ ಕೃತಿಗಳಲ್ಲಿ ಪರಶುರಾಮಚರಿತ ಮತ್ತು ಚಕ್ರೇಶ್ವರಚರಿತಗಳು ದೊರೆತಿಲ್ಲ. ಅತ್ತಿಮಬ್ಬೆಯ ಪ್ರೇರಣೆಯಿಂದ ೯೯೩ರಲ್ಲಿ ರಚಿತವಾದ ಅಜಿತಪುರಾಣವೂ, ಸಾಹಸಭೀಮವಿಜಯವೆಂಬ ಮತ್ತೊಂದು ಹೆಸರುಳ್ಳ ಗದಾಯುದ್ಧವೂ ಉಳಿದುಬಂದಿವೆ. ಇವೆರಡರಲ್ಲಿ ಗದಾಯುದ್ಧವೇ ರನ್ನನ ಕೀರ್ತಿಗೆ ಮುಖ್ಯ ಕಾರಣವೆಂಬುದು ನಿರ್ವಿವಾದವಾದ ಸಂಗತಿ. ಆದರೆ ಈ ಕಾವ್ಯದ ಮೇಲೆಯೇ ಒಂದು ಆಕ್ಷೇಪವೂ ಬಹುಕಾಲದಿಂದ ನಿಂತಿದೆ. ಕಥಾಭಾಗವು ಪಂಪನಿಂದ ಬಂದುದು. ಸಂವಿಧಾನವು ಭಟ್ಟನಾರಾಯಣನ ವೇಣೀಸಂಹಾರ ನಾಟಕದಿಂದ ಬಂದುದು. ನಾಯಕನ ಆಯ್ಕೆಯು ಆಶ್ರಯದಾತನ ಇಚ್ಛೆಯಿಂದ ಬಂದುದು. ಹೀಗಿರುವಲ್ಲಿ ರನ್ನನದೆಂದು ಹೇಳಬಹುದಾದುದು ಏನು ಉಳಿಯಿತು ಎಂಬುದೇ ಆ ಆಕ್ಷೇಪದ ಸಾರ.

ಈ ಪ್ರಶ್ನೆಯನ್ನು ಅಲ್ಪವೆಂದು ತಳ್ಳುವಂತಿಲ್ಲ. ವಾಗ್ದೇವಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ಹೆಮ್ಮೆಪಟ್ಟುಕೊಂಡ ಕವಿಯು ಅನ್ಯರ ಭಂಡಾರದಿಂದ ಹೊನ್ನನ್ನು ತಂದವನೆಂದು ತೀರ್ಮಾನವಾದರೆ, ಶಕ್ತಿಕವಿಯೆಂಬ ಅವನ ಪ್ರಶಸ್ತಿಯು ವ್ಯರ್ಥವಾಗುವುದು. ಋಣವನ್ನೇ ಅಲ್ಲಗಳೆದು ಎಲ್ಲವೂ ಅವನ ಸ್ವಂತವೆಂದು ಸಾಧಿಸಹೊರಟರೆ ಸತ್ಯಕ್ಕೆ ಅಪಚಾರವಾಗುವುದು. ಆದುದರಿಂದ ಆ ಋಣದ ಪ್ರಮಾಣವೆಷ್ಟು, ಅದನ್ನು ಕವಿಯು ಹೇಗೆ ತೀರಿಸಿದನು ಎಂಬುದನ್ನು ಕೃತಿಯ ಅಂಗಾಂಗಗಳನ್ನು ನೋಡಿಯೇ ನಿರ್ಣಯಿಸಬೇಕಾಗಿದೆ.

೨

ಒಬ್ಬರು ನಿರ್ಮಿಸಿದ ಲೋಕದೊಳಗೆ ಇನ್ನೊಬ್ಬರು ಕೃತಿರಚನೆ ಮಾಡುವುದು, ಅದರಲ್ಲಿಯೂ ರಂಗದ ಮೇಲೆ ಆಡಿದ ವಸ್ತುವನ್ನು ಓದುವ ಕಥೆಯನ್ನಾಗಿ ಮಾರ್ಪಡಿಸುವುದು, ಯಾವುದೋ ಒಂದು ಕಾಲಕ್ಕೆ ಮಾತ್ರ ಸೇರಿದ ಪದ್ಧತಿಯಲ್ಲ. ಇಂತಹ ಕೃತಿಗಳನ್ನು ಅನುಬದ್ಧ ಕೃತಿಗಳೆಂದು ಕರೆಯಬಹುದು. ನಮ್ಮ ಕಾಲದಲ್ಲಿ ದೂರದರ್ಶನದ ನಾಟಕಮಾಲೆಗಳನ್ನು ಅನುಸರಿಸಿ ಹೊರಡುವ ಕಾದಂಬರಿಗಳು ಈ ಜಾತಿಯವೇ. ಅವುಗಳನ್ನು ವ್ಯಾಪಾರದ ಸರಕೆಂದು ವಿಮರ್ಶಕರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಆದರೂ ಒಂದು ದೃಷ್ಟಾಂತವು ಪ್ರಕೃತ ವಿಚಾರಕ್ಕೆ ಉಪಕಾರಕವಾಗಿದೆ.

ಬ್ರಿಟನ್ನಿನ ಬಿ. ಬಿ. ಸಿ. ಸಂಸ್ಥೆಯು ೧೯೬೩ರಲ್ಲಿ ಆರಂಭಿಸಿ ೧೯೮೯ರಲ್ಲಿ ನಿಲ್ಲಿಸಿದ ಡಾಕ್ಟರ್ ಹೂ ಎಂಬ ವೈಜ್ಞಾನಿಕ ಕಲ್ಪನಾಕಥೆಗಳ ಮಾಲೆಯನ್ನು, ಅದು ನಿಂತುಹೋಗಿದ್ದ ಅವಧಿಯಲ್ಲಿ, ಕಾದಂಬರಿಗಳ ರೂಪದಲ್ಲಿ ಒಂದು ಪ್ರಕಾಶನವು ಮುಂದುವರಿಸಿತು. ಆ ಸಾಲಿನಲ್ಲಿ ೧೯೯೬ರಲ್ಲಿ ಹೊರಬಂದ ಡ್ಯಾಮೇಜ್ಡ್ ಗೂಡ್ಸ್ ಎಂಬ ಕಾದಂಬರಿಯನ್ನು ಬರೆದವನು ರಸೆಲ್ ಟಿ. ಡೇವಿಸ್. ಅವನು ಆ ವೇಳೆಗೆ ಮಕ್ಕಳ ದೂರದರ್ಶನ ನಾಟಕಗಳನ್ನು ಬರೆಯುತ್ತಿದ್ದ ತರುಣ ಲೇಖಕನಾಗಿದ್ದನು. ನಾಯಕನೂ ಅವನ ಸಂಗಡಿಗರೂ ಅನ್ಯಲೋಕದ ಯುದ್ಧಯಂತ್ರವೂ ಮಾಲೆಯ ಚೌಕಟ್ಟಿಗೆ ಹೊಂದಿದವು. ಆದರೆ ಕಥೆಯ ಹೃದಯದಲ್ಲಿರುವುದು ೧೯೮೭ನೆಯ ಇಸವಿಯ ಒಂದು ಬಡವಸತಿ. ಬಡತನದ ಕಾರಣದಿಂದ ಅವಳಿಮಕ್ಕಳಲ್ಲಿ ಒಬ್ಬನನ್ನು ಮಾರಿದ ತಾಯಿ. ಅವಳನ್ನು ಬಿಡದೆ ಕಾಡುವ ಆ ನೆನಪು. ೨೦೦೫ರಲ್ಲಿ ಅದೇ ಮಾಲೆಯನ್ನು ದೂರದರ್ಶನಕ್ಕೆ ಮರಳಿ ತಂದಾಗ ಡೇವಿಸನು ಬಡವಸತಿಯನ್ನೂ ತಾಯಿಮಗಳ ಸಂಸಾರವನ್ನೂ, ಟೈಲರ್ ಎಂಬ ಅದೇ ಮನೆತನದ ಹೆಸರನ್ನೂ ಮತ್ತೆ ಬಳಸಿದನು. ೨೦೧೫ರಲ್ಲಿ ಆ ಕಾದಂಬರಿಯೇ ಶ್ರವ್ಯನಾಟಕವಾಯಿತು. ಎರವಲು ಚೌಕಟ್ಟಿನಲ್ಲಿ ಬರೆದ ಒಂದು ಮೊದಲ ಕೃತಿಯಲ್ಲಿಯೇ ಲೇಖಕನ ಸ್ವಂತ ಚಿಂತೆಯು ಹೇಗೆ ಬೇರೂರಬಹುದೆಂಬುದಕ್ಕೆ ಇದು ನಿದರ್ಶನ.

ಈ ದೃಷ್ಟಾಂತದಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಚೌಕಟ್ಟು ಕವಿಗೆ ಏನನ್ನು ಕೊಟ್ಟಿತು? ಅದು ಅವನಿಂದ ಏನನ್ನು ಕೇಳಿತು? ಅದು ಕೇಳದಿದ್ದ ಯಾವುದನ್ನು ಅವನು ಒಳಕ್ಕೆ ತಂದನು? ಸಾವಿರ ವರ್ಷಗಳ ಹಿಂದಿನ ಗದಾಯುದ್ಧಕ್ಕೂ ಈ ಮೂರು ಪ್ರಶ್ನೆಗಳನ್ನು ಹಾಕಬಹುದಾಗಿದೆ.

೩

ಮೊದಲನೆಯದು ಪಂಪನ ಋಣ. ೯೪೧ರ ಸುಮಾರಿನಲ್ಲಿ ರಚಿತವಾದ ವಿಕ್ರಮಾರ್ಜುನವಿಜಯವು ಹದಿನಾಲ್ಕು ಆಶ್ವಾಸಗಳಲ್ಲಿ ಸಮಗ್ರ ಭಾರತವನ್ನು ಹೇಳುತ್ತದೆ. ಅದರ ಹದಿಮೂರನೆಯ ಆಶ್ವಾಸದ ವಸ್ತುವೇ ಗದಾಯುದ್ಧದ ಹತ್ತು ಆಶ್ವಾಸಗಳಾಗಿ ಬೆಳೆದಿದೆಯೆಂಬುದನ್ನು ಎರಡು ಕಾವ್ಯಗಳನ್ನೂ ಓದಿದವರು ಒಡನೆಯೇ ಕಾಣುವರು. ದುರ್ಯೋಧನನು ರಣಭೂಮಿಯಲ್ಲಿ ನಡೆದು ಶರಶಯ್ಯೆಯ ಭೀಷ್ಮನಲ್ಲಿಗೆ ಹೋಗುವುದು, ವೈಶಂಪಾಯನ ಸರೋವರವನ್ನು ಹೊಗುವುದು, ಭೀಮನೊಡನೆ ಗದೆಯಿಂದ ಕಾದಿ ತೊಡೆ ಮುರಿದು ಬೀಳುವುದು, ಇವು ಪಂಪನಲ್ಲಿ ಆಗಲೇ ಇದ್ದವು.

ಒಂದು ಆಶ್ವಾಸವನ್ನು ಹತ್ತಾಗಿ ಹಿಗ್ಗಿಸುವುದು ಬರಿಯ ವಿಸ್ತರಣವೆಂದು ತೋರಬಹುದು. ಆದರೆ ಇಲ್ಲಿ ನಡೆದುದು ಕಾಲದ ಸಂಕೋಚ. ಪಂಪನಿಗೆ ಒಂದು ಜೀವಮಾನದ, ಒಂದು ವಂಶದ ಕಥೆ ಬೇಕಾಗಿದ್ದಿತು. ರನ್ನನಿಗೆ ಯುದ್ಧದ ಕೊನೆಯ ದಿನಗಳು ಸಾಕಾದವು. ಉಳಿದ ಭಾರತವನ್ನೆಲ್ಲ, ಮುಂದೆ ನಡೆದ ಸಿಂಹವು ಹಿಂದಿರುಗಿ ನೋಡುವಂತೆ, ಸಿಂಹಾವಲೋಕನಕ್ರಮದಿಂದ ಹೇಳುವೆನೆಂದು ಅವನೇ ಪ್ರತಿಜ್ಞೆ ಮಾಡಿದ್ದಾನೆ. ದ್ಯೂತವೂ ವಸ್ತ್ರಾಪಹರಣವೂ ಅರಗಿನ ಮನೆಯೂ ಅಭಿಮನ್ಯುವಿನ ವಧೆಯೂ ಇಲ್ಲಿ ನಡೆಯುವುದಿಲ್ಲ. ನೆನಪಾಗಿ, ಮೂದಲೆಯಾಗಿ, ಪಶ್ಚಾತ್ತಾಪವಾಗಿ, ಪಾತ್ರಗಳ ಬಾಯಿಂದ ಬರುತ್ತವೆ. ಹಿಂದಿನದನ್ನು ಪಾತ್ರದ ಮಾತಿನಲ್ಲಿ ಅಡಗಿಸಿ, ಕಣ್ಣೆದುರು ಅಂತಿಮ ಸನ್ನಿವೇಶವನ್ನು ಮಾತ್ರ ನಿಲ್ಲಿಸುವ ಈ ಕ್ರಮವು ನಾಟಕಕಾರನ ಕ್ರಮ. ಪಂಪನಿಂದ ವಸ್ತುವನ್ನು ತೆಗೆದುಕೊಂಡ ಮರುಗಳಿಗೆಯಲ್ಲಿಯೇ ರನ್ನನು ಪಂಪನ ಮಾರ್ಗವನ್ನು ಬಿಟ್ಟಿದ್ದಾನೆ.

೪

ಎರಡನೆಯದು, ಮತ್ತು ಹೆಚ್ಚು ಚರ್ಚೆಗೆ ಗುರಿಯಾದುದು, ನಾಟಕದ ಋಣ. ವೇಣೀಸಂಹಾರವು ಆರು ಅಂಕಗಳ ಸಂಸ್ಕೃತ ನಾಟಕ. ವಾಮನನೂ ಆನಂದವರ್ಧನನೂ ಇದರಿಂದ ಉದಾಹರಿಸಿರುವುದರಿಂದ ಇದು ರನ್ನನಿಗಿಂತ ಬಹಳ ಹಿಂದಿನದೆಂಬುದು ಸ್ಪಷ್ಟ. ಮೊದಲನೆಯ ಅಂಕದಲ್ಲಿ ಸಂಧಿಯ ಸುದ್ದಿಯನ್ನು ಕೇಳಿ ಕೆರಳಿದ ಭೀಮನು ದುರ್ಯೋಧನನ ರಕ್ತದಿಂದ ತೊಯ್ದ ಕೈಗಳಿಂದಲೇ ದ್ರೌಪದಿಯ ಮುಡಿಯನ್ನು ಕಟ್ಟುವೆನೆಂದು ನುಡಿಯುತ್ತಾನೆ. ಐದನೆಯ ಅಂಕದಲ್ಲಿ ಧೃತರಾಷ್ಟ್ರನೂ ಗಾಂಧಾರಿಯೂ ಮಗನಲ್ಲಿಗೆ ಬಂದು ಯುದ್ಧವನ್ನು ನಿಲ್ಲಿಸೆಂದು ಬೇಡುತ್ತಾರೆ. ಆರನೆಯ ಅಂಕದಲ್ಲಿ ಪ್ರತಿಜ್ಞೆ ನೆರವೇರಿ ಮುಡಿಯು ಕಟ್ಟಲ್ಪಡುತ್ತದೆ. ಈ ಮೂರು ಸನ್ನಿವೇಶಗಳ ಛಾಯೆಯು ಗದಾಯುದ್ಧದಲ್ಲಿ ದಟ್ಟವಾಗಿದೆ. ದ್ರೌಪದಿಯ ಅಳಲಿನಿಂದ ಭೀಮನ ಕೋಪವು ಉರಿದೇಳುವ ಆರಂಭವೂ, ತಂದೆತಾಯಿಗಳ ಹಿತೋಕ್ತಿಯೂ, ಮುಡಿಯನ್ನು ಕಟ್ಟುವ ಮುಕ್ತಾಯವೂ ನಾಟಕವನ್ನು ನೆನಪಿಗೆ ತರುತ್ತವೆ. ಚಂಪೂಕಾವ್ಯದಲ್ಲಿ ಅಪರೂಪನಾದ ವಿದೂಷಕನೊಬ್ಬನು ಇಲ್ಲಿ ಕಾಣಿಸಿಕೊಳ್ಳುವುದು ರಂಗಭೂಮಿಯ ಮತ್ತೊಂದು ಗುರುತು.

ಇವುಗಳ ಆಧಾರದಿಂದ, ರನ್ನನು ಮೊದಲು ಇದನ್ನು ನಾಟಕವಾಗಿ ಬರೆದು ಅನಂತರ ಚಂಪುವಾಗಿ ಮಾರ್ಪಡಿಸಿದನೆಂಬ ಊಹೆಯೂ ಹುಟ್ಟಿದೆ. ಆ ಕಾಲದ ಕನ್ನಡ ನಾಟಕವೊಂದೂ ಉಳಿದುಬಂದಿಲ್ಲವಾದುದರಿಂದ ಈ ಊಹೆಗೆ ಹೊರಗಿನ ಪ್ರಮಾಣವಿಲ್ಲ. ಊಹೆಯನ್ನು ಒಪ್ಪಿದರೂ ಬಿಟ್ಟರೂ, ಅದನ್ನು ಹುಟ್ಟಿಸಿದ ಲಕ್ಷಣಗಳು ಮಾತ್ರ ಕೃತಿಯಲ್ಲಿ ನಿಜವಾಗಿಯೇ ಇವೆ. ಪಾತ್ರಗಳು ಒಂದರ ಮಾತನ್ನು ಇನ್ನೊಂದು ಹಿಡಿದು ಉತ್ತರ ಕೊಡುತ್ತವೆ. ಪದ್ಯದ ನಡುವೆಯೇ ಮಾತು ಕೈಬದಲಾಗುತ್ತದೆ. ವರ್ಣನೆಗಿಂತ ಸಂಭಾಷಣೆಯು ಕಥೆಯನ್ನು ನಡೆಸುತ್ತದೆ.

ಇನ್ನು ರನ್ನನು ಬಿಟ್ಟುದೇನೆಂಬುದನ್ನು ನೋಡಬೇಕು. ಋಣದ ವಿಚಾರದಲ್ಲಿ ತೆಗೆದುಕೊಂಡುದಕ್ಕಿಂತ ಬಿಟ್ಟುದೇ ಹೆಚ್ಚು ಬೆಳಕನ್ನು ಕೊಡುತ್ತದೆ. ವೇಣೀಸಂಹಾರದ ಎರಡನೆಯ ಅಂಕದಲ್ಲಿ ಭೀಷ್ಮಾದಿ ವೀರರು ಸಾಯುತ್ತಿರುವ ಸಮಯದಲ್ಲಿಯೇ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗುತ್ತಾನೆ. ಇದು ಅಕಾಲದಲ್ಲಿ ರಸವನ್ನು ಹರಡಿದ ದೋಷವೆಂದು ಮಮ್ಮಟನೇ ಎತ್ತಿ ತೋರಿಸಿದ್ದಾನೆ. ಕೊನೆಯ ಅಂಕದಲ್ಲಿ ಚಾರ್ವಾಕನೆಂಬ ರಾಕ್ಷಸನು ಮುನಿಯ ವೇಷದಲ್ಲಿ ಬಂದು ಭೀಮನು ಸತ್ತನೆಂಬ ಸುಳ್ಳು ಸುದ್ದಿಯನ್ನು ಹೇಳಿ ಯುಧಿಷ್ಠಿರನನ್ನು ಗೋಳಾಡಿಸುತ್ತಾನೆ. ಈ ಎರಡು ತಂತ್ರಗಳೂ ರನ್ನನಿಗೆ ಬೇಕಾಗಲಿಲ್ಲ. ಮಿಗಿಲಾಗಿ, ದುರ್ಯೋಧನನು ಸರೋವರದಲ್ಲಿ ಅಡಗಿದುದು, ಭೀಮನು ಅವನನ್ನು ಹೊರಗೆಳೆದುದು, ಗದಾಯುದ್ಧವು ಮೊದಲಾದುದು ಇವೆಲ್ಲವನ್ನೂ ಭಟ್ಟನಾರಾಯಣನು ಪಾಂಚಾಲಕನೆಂಬ ದೂತನ ಬಾಯಿಂದ ಹೇಳಿಸಿಬಿಟ್ಟಿದ್ದಾನೆ. ಕೊಳವನ್ನೂ ಯುದ್ಧವನ್ನೂ ರಂಗದ ಮೇಲೆ ತೋರಿಸುವುದು ಅವನಿಗೆ ಸಾಧ್ಯವಿರಲಿಲ್ಲ. ದೂತವಾಕ್ಯವು ಅವನಿಗೆ ಅನಿವಾರ್ಯವಾಯಿತು. ರನ್ನನ ಕಾವ್ಯದ ಶಿಖರವು ಅದೇ ಸರೋವರದ ತೀರದಲ್ಲಿದೆ. ನಾಟಕವು ಎಲ್ಲಿ ಕಣ್ಣುಮುಚ್ಚಿಕೊಳ್ಳಬೇಕಾಯಿತೋ ಅಲ್ಲಿಯೇ ಕಾವ್ಯವು ಕಣ್ಣು ತೆರೆದಿದೆ. ರಂಗದ ಶಕ್ತಿಯಾದ ಮಾತನ್ನು ಉಳಿಸಿಕೊಂಡು, ರಂಗದ ಮಿತಿಯಾದ ಸ್ಥಳವನ್ನು ರನ್ನನು ಮೀರಿದನು.

ಭಾಸನದೆಂದು ಹೇಳುವ ಊರುಭಂಗವೆಂಬ ಏಕಾಂಕದೊಡನೆಯೂ ಗದಾಯುದ್ಧವನ್ನು ಹೋಲಿಸುವ ರೂಢಿಯುಂಟು. ಅದರಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನು ಶಾಂತನಾಗಿ, ತಂದೆತಾಯಿಗಳನ್ನೂ ಪತ್ನಿಯರನ್ನೂ ಎಳೆಯ ಮಗನನ್ನೂ ಬೀಳ್ಕೊಂಡು, ರಂಗದ ಮೇಲೆಯೇ ಪ್ರಾಣಬಿಡುತ್ತಾನೆ. ಅಲ್ಲಿಯ ಕರುಣವು ಸೋತವನು ಸೋಲನ್ನು ಒಪ್ಪಿಕೊಂಡುದರಿಂದ ಹುಟ್ಟುತ್ತದೆ. ರನ್ನನ ದುರ್ಯೋಧನನಲ್ಲಿ ಇಂತಹ ಶಾಂತಿಗೆ ಅವಕಾಶವೇ ಇಲ್ಲ. ದುರ್ಯೋಧನನಲ್ಲಿ ಕನಿಕರವನ್ನು ತೋರುವುದೊಂದೇ ಎರಡಕ್ಕೂ ಸಾಮಾನ್ಯವಾದ ಅಂಶ. ಕನಿಕರದ ಕಾರಣವು ಬೇರೆ.

೫

ಮೂರನೆಯದು ಆಶ್ರಯದಾತನ ಋಣ. ೯೭೩ರಲ್ಲಿ ರಾಷ್ಟ್ರಕೂಟರನ್ನು ತೊಡೆದು ರಾಜ್ಯವನ್ನು ಕಟ್ಟಿದ ಎರಡನೆಯ ತೈಲಪನ ಮಗನು ಸತ್ಯಾಶ್ರಯ ಇರಿವಬೆಡಂಗ. ಅವನು ೯೯೭ರಿಂದ ೧೦೦೮ರ ವರೆಗೆ ಆಳಿದನು. ಗದಾಯುದ್ಧವು ಅವನು ಯುವರಾಜನಾಗಿದ್ದಾಗ, ೯೮೨ರ ಸುಮಾರಿನಲ್ಲಿ ಹುಟ್ಟಿತೆಂದು ಕೆಲವರೂ, ಅವನು ಪಟ್ಟವೇರಿದ ಮೇಲೆ ಎಂದು ಇತರರೂ ಅಭಿಪ್ರಾಯಪಟ್ಟಿರುತ್ತಾರೆ. ಮೊದಲನೆಯ ಪಕ್ಷವನ್ನು ಹಿಡಿದರೆ ಇದು ಮೂವತ್ತು ದಾಟಿದ ತರುಣಕವಿಯ ಕೃತಿಯಾಗಿ ಅಜಿತಪುರಾಣಕ್ಕಿಂತ ಹಿಂದಿನದಾಗುವುದು. ಅಂತೂ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದಂತೆ, ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿ ಸಾಹಸಭೀಮನೆಂದು ಕರೆದನು. ಕಾವ್ಯದ ಕೊನೆಯಲ್ಲಿ ಪಟ್ಟಾಭಿಷೇಕವು ಧರ್ಮರಾಯನಿಗಲ್ಲದೆ ಭೀಮನಿಗೆ ಆಗುವುದು ಈ ಏಕೀಕರಣದ ಫಲವೇ.

ಸತ್ಯಾಶ್ರಯನೆಂಬ ಹೆಸರಿನಲ್ಲಿಯೇ ಒಂದು ಇತಿಹಾಸವಿದೆ. ಇಂದಿನ ಬಾಗಲಕೋಟೆ ಜಿಲ್ಲೆಯು ೧೯೯೭ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಿತು. ಬಾದಾಮಿ, ಹುನಗುಂದ, ಇಳಕಲ್ಲು, ಮುಧೋಳಗಳನ್ನು ಒಳಗೊಂಡ ಈ ಪ್ರದೇಶವೇ ಹಿಂದಿನ ಚಾಲುಕ್ಯರ ಹೃದಯಸ್ಥಾನ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಜಿನಾಲಯದ ಗೋಡೆಯ ಮೇಲೆ, ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿ. ಶ. ೬೩೪ರಲ್ಲಿ, ರವಿಕೀರ್ತಿಯು ರಚಿಸಿದ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯನ್ನು ಸತ್ಯಾಶ್ರಯನೆಂದು ಹೊಗಳುತ್ತದೆ. ಹರ್ಷವರ್ಧನನ ಹರ್ಷವನ್ನು ಕಳೆದ ಆ ಅರಸನ ಹೆಸರನ್ನು ಮೂರೂವರೆ ಶತಮಾನಗಳ ಅನಂತರ ತೈಲಪನು ತನ್ನ ಮಗನಿಗೆ ಇಟ್ಟುದು ಆಕಸ್ಮಿಕವಲ್ಲ. ರಾಷ್ಟ್ರಕೂಟರು ನಡುವೆ ಆಳಿದ ಇನ್ನೂರಿಪ್ಪತ್ತು ವರ್ಷಗಳ ಬಿರುಕನ್ನು ಮುಚ್ಚಿ, ಹೊಸ ಮನೆತನವು ಹಳೆಯ ಬಾದಾಮಿಯ ಮನೆತನವೇ ಎಂದು ಸಾರುವ ಕಾರ್ಯವು ಆಗ ನಡೆಯುತ್ತಿದ್ದಿತು. ಗದಾಯುದ್ಧವು ಚಾಲುಕ್ಯವಂಶದ ಕೀರ್ತನೆಯೊಡನೆ ತೊಡಗುವುದೂ ಈ ಕಾರ್ಯದ ಒಂದು ಭಾಗ. ಜಿನಭಕ್ತನಾದ ಒಬ್ಬ ಕವಿಯು ಹಿಂದೆ ಐಹೊಳೆಯಲ್ಲಿ ಕಲ್ಲಿನ ಮೇಲೆ ಮಾಡಿದುದನ್ನು, ಅದೇ ನಾಡಿನಲ್ಲಿ ಹುಟ್ಟಿದ ಇನ್ನೊಬ್ಬ ಜೈನಕವಿಯು ಓಲೆಯ ಮೇಲೆ ಮಾಡಿದನು. ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದುಕೊಂಡ ರವಿಕೀರ್ತಿಯ ಹೆಮ್ಮೆಯೂ ರನ್ನನಲ್ಲಿ ಮರುದನಿಗೊಂಡಂತಿದೆ.

ಹೀಗೆ ಚೌಕಟ್ಟು ರನ್ನನಿಂದ ಕೇಳಿದುದು ಸ್ಪಷ್ಟವಾಗಿದೆ: ಭೀಮನು ಗೆಲ್ಲಬೇಕು, ಗೆದ್ದವನು ಸತ್ಯಾಶ್ರಯನಾಗಿರಬೇಕು, ವೀರರಸವು ಮೆರೆಯಬೇಕು. ರನ್ನನು ಇದರಲ್ಲಿ ಯಾವ ಕೊರತೆಯನ್ನೂ ಮಾಡಿಲ್ಲ. ಭೀಮನ ಆರ್ಭಟೆಯನ್ನು ಕೇಳಿ, ನೀರಿನೊಳಗಿದ್ದರೂ ಎದುರಾಳಿಯ ಮೈ ಬೆವೆತಿತೆಂದು ವರ್ಣಿಸಿದ ಕವಿಯು ಆಶ್ರಯದಾತನ ಋಣವನ್ನು ಬಡ್ಡಿಸಹಿತ ತೀರಿಸಿದ್ದಾನೆ.

೬

ಇನ್ನು ಚೌಕಟ್ಟು ಕೇಳದಿದ್ದುದನ್ನು ವಿಚಾರಿಸಬೇಕು. ಭೀಮನ ವಿಜಯಕ್ಕೆ ದುರ್ಯೋಧನನು ದೊಡ್ಡ ಎದುರಾಳಿಯಾಗಿದ್ದರೆ ಸಾಕಾಗಿತ್ತು. ಎದುರಾಳಿಯ ದುಃಖವನ್ನು ಆಶ್ವಾಸ ಆಶ್ವಾಸಗಳಲ್ಲಿ ಹಿಂಬಾಲಿಸುವ ಅಗತ್ಯವಿರಲಿಲ್ಲ. ರನ್ನನು ಹಿಂಬಾಲಿಸಿದ್ದಾನೆ, ಕಾವ್ಯದ ಶ್ರೇಷ್ಠಭಾಗವು ಈ ಹಿಂಬಾಲಿಕೆಯಲ್ಲಿಯೇ ಇದೆ.

ತಂದೆತಾಯಿಗಳ ಹಿತವಚನವನ್ನು ಒಪ್ಪದ ದುರ್ಯೋಧನನು ಭೀಷ್ಮನನ್ನು ಕಾಣಲು ಹೊರಡುತ್ತಾನೆ. ಹನ್ನೊಂದು ಅಕ್ಷೌಹಿಣಿಗಳ ಒಡೆಯನಿಗೆ ಈಗ ಸಂಜಯನೊಬ್ಬನ ಹೆಗಲೇ ಆಸರೆ. ಶತ್ರುವನ್ನು ಅಪ್ಪಳಿಸಬೇಕಾದ ಗದೆಯೇ ಊರುಗೋಲು. ಆನೆಗಳ ಹೆಣಗಳನ್ನು ಎಡವುತ್ತಾ, ನೆತ್ತರಿನ ಕೆಸರಿನಲ್ಲಿ ಜಾರುತ್ತಾ ನಡೆಯುವ ಅರಸನನ್ನು ಹೆಣದಿನ್ನುವ ಮರುಳುಗಳು ಕೂಡ ಹಾಸ್ಯಮಾಡುತ್ತವೆ. ಈ ನಡಿಗೆಯ ಬೀಜವು ಪಂಪನದಾದರೂ, ಇದನ್ನು ಒಂದು ಯಾತ್ರೆಯನ್ನಾಗಿ ಬೆಳೆಸಿ, ಒಂದೊಂದು ಹೆಣದ ಬಳಿಯೂ ಯಾತ್ರಿಕನನ್ನು ನಿಲ್ಲಿಸಿ ಮಾತನಾಡಿಸಿದ ಕ್ರಮವು ರನ್ನನದು.

ಆ ನಿಲುಗಡೆಗಳ ಅನುಕ್ರಮವು ಅರ್ಥಗರ್ಭಿತವಾಗಿದೆ. ಮೊದಲು ದ್ರೋಣನ ದೇಹ. ಅಲ್ಲಿ ಶಿಷ್ಯನ ಭಕ್ತಿಯು ಕಾಣುತ್ತದೆ. ಅನಂತರ ಅಭಿಮನ್ಯು; ತನ್ನ ಪಕ್ಷದವರೇ ಸುತ್ತುವರಿದು ಕೊಂದ ಶತ್ರುಬಾಲಕನಿಗೆ ದುರ್ಯೋಧನನು ಕೈಮುಗಿಯುತ್ತಾನೆ, ಅಂತಹ ಮರಣವು ತನಗೂ ದೊರಕಲೆಂದು ಹಾರೈಸುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರ. ಮಗನು ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡಬೇಕಾದ ವಿಪರ್ಯಾಸವು ಅವನನ್ನು ಒಡೆಯುತ್ತದೆ. ಆಮೇಲೆ ದುಶ್ಶಾಸನ, ಬಾಲ್ಯದಿಂದಲೂ ಎಲ್ಲವನ್ನೂ ತನ್ನೊಡನೆ ಹಂಚಿಕೊಂಡ ತಮ್ಮನು ಸಾವಿನಲ್ಲಿ ಮಾತ್ರ ತನ್ನನ್ನು ಮುಂದಿಟ್ಟುಕೊಳ್ಳಲಿಲ್ಲವೆಂಬ ಅಳಲು. ಕೊನೆಗೆ ಕರ್ಣ, ಅಲ್ಲಿ ಸ್ನೇಹದ ಹೊರತು ಬೇರಾವ ಸಂಬಂಧದ ಬಲವೂ ಇಲ್ಲದ ದುಃಖ. ಗುರು, ಶತ್ರು, ಮಗ, ತಮ್ಮ, ಗೆಳೆಯ ಎಂಬ ಈ ಸಾಲಿನಲ್ಲಿ ಶತ್ರುವಿಗೆ ಸ್ಥಾನ ದೊರೆತಿರುವುದು ಗಮನಾರ್ಹ. ತನ್ನವರಿಗಾಗಿ ಅಳುವುದು ಎಲ್ಲರಿಗೂ ಸಾಧ್ಯ. ಶತ್ರುವಿನ ಶೌರ್ಯಕ್ಕೆ ತಲೆಬಾಗುವಾಗಲೇ ದುರ್ಯೋಧನನು ಖಳನ ನೆಲೆಯಿಂದ ಮೇಲಕ್ಕೆ ಏಳುತ್ತಾನೆ.

ಇಷ್ಟಾದರೂ ದುಃಖವು ಅವನನ್ನು ಮೃದುಮಾಡುವುದಿಲ್ಲ. ಸಂಧಿಯನ್ನು ಮಾಡಿಕೊಳ್ಳೆಂದು ಭೀಷ್ಮನು ಹೇಳಿದಾಗ, ತಾನು ಕಾದುತ್ತಿರುವುದು ನೆಲಕ್ಕಾಗಿ ಅಲ್ಲವೆಂದೂ ಛಲಕ್ಕಾಗಿಯೆಂದೂ ಅವನು ಉತ್ತರ ಕೊಡುತ್ತಾನೆ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರೊಡನೆ ಹಂಚಿಕೊಂಡು ಆಳುವ ನೆಲವು ಅವನಿಗೆ ನೆಲವಲ್ಲ, ಸುಡುಗಾಡು. ಇಲ್ಲಿ ಛಲವು ಸ್ನೇಹದಿಂದಲೇ ಹುಟ್ಟಿದುದಾಗಿದೆ. ಸತ್ತವರಲ್ಲಿಟ್ಟ ಪ್ರೀತಿಯೇ ಸಂಧಿಗೆ ಅಡ್ಡವಾಗಿ ನಿಲ್ಲುತ್ತದೆ. ಅವನನ್ನು ದೊಡ್ಡವನನ್ನಾಗಿ ಮಾಡಿದ ಗುಣವೇ ಅವನನ್ನು ನಾಶಮಾಡುತ್ತದೆ.

ಈ ಮಾನಧರ್ಮವು ರನ್ನನ ನಾಡಿಗೆ ಹೊಸದಾಗಿರಲಿಲ್ಲ. ಬಾದಾಮಿಯ ಬಂಡೆಯಲ್ಲಿ ಸುಮಾರು ಕ್ರಿ. ಶ. ೭೦೦ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತಿ ಪ್ರಾಚೀನ ಉದಾಹರಣೆಗಾಗಿ ಇದು ವಿದ್ವಾಂಸರಿಗೆ ಪರಿಚಿತವಾಗಿದೆ. ಅದರ ಸಂಸ್ಕೃತ ಶ್ಲೋಕವು, ತೇಜಸ್ವಿಗೆ ಮಾನಭಂಗಕ್ಕಿಂತ ಮರಣವೇ ಲೇಸು, ಮರಣದ ದುಃಖವು ಕ್ಷಣದ್ದು, ಮಾನಭಂಗದ ದುಃಖವು ದಿನದಿನದ್ದು ಎಂಬ ಅಭಿಪ್ರಾಯವನ್ನು ಹೇಳುತ್ತದೆ. ರನ್ನನು ಆ ಶಾಸನವನ್ನು ಓದಿದನೆಂದು ಇದರಿಂದ ಹೇಳಬೇಕಾಗಿಲ್ಲ. ಆದರೆ ಕಲ್ಲಿನಲ್ಲಿ ಅರಭಟ್ಟನ ಹೆಗ್ಗಳಿಕೆಯಾಗಿ ನಿಂತ ಅದೇ ಧರ್ಮವು ಕಾವ್ಯದಲ್ಲಿ ಪರೀಕ್ಷೆಗೆ ಗುರಿಯಾಗಿದೆ. ಶಾಸನವು ಆ ಧರ್ಮವನ್ನು ಹೊಗಳಿ ನಿಲ್ಲಿಸುತ್ತದೆ. ರನ್ನನು ಅದರ ಬೆಲೆಯನ್ನು ಲೆಕ್ಕಮಾಡಿ ತೋರಿಸುತ್ತಾನೆ. ಆ ಬೆಲೆಯು ರಣಭೂಮಿಯಲ್ಲಿ ಹರಡಿ ಬಿದ್ದಿರುವ ಹೆಣಗಳು.

ಇದೇ ಛಲವುಳ್ಳವನು ಮಾರನೆಯ ದಿನದ ವರೆಗೆ ನೀರಿನಲ್ಲಿ ಅಡಗಲು ಒಪ್ಪಿದುದು ವಿರೋಧವೆಂದು ತೋರಬಹುದು. ಅದು ಭೀಷ್ಮನ ಮಾತಿಗೆ ಸಲ್ಲಿಸಿದ ಮನ್ನಣೆ. ಬಲರಾಮ, ಅಶ್ವತ್ಥಾಮ, ಕೃಪರು ಕೂಡುವ ವರೆಗೆ ಕಾಯಬೇಕೆಂಬುದು ಹಿರಿಯನ ಆಜ್ಞೆಯಾಗಿದ್ದಿತು. ದಡದಿಂದ ಭೀಮನು ಮೂದಲಿಸಿದಾಗ ಬುದ್ಧಿವಾದವು ಸೋತು ಸ್ವಭಾವವು ಗೆಲ್ಲುತ್ತದೆ. ಅವನು ಹೊರಬಂದುದೇ ಅವನ ಅವಸಾನ. ಬಾರದೆ ಇದ್ದಿದ್ದರೆ ಅವನು ದುರ್ಯೋಧನನಾಗುತ್ತಿರಲಿಲ್ಲ. ವೇಣೀಸಂಹಾರದಲ್ಲಿ ದೂತನ ವರದಿಯಾಗಿದ್ದ ಈ ಗಳಿಗೆಯನ್ನು ರನ್ನನು ಹೀಗೆ ಪಾತ್ರದ ಒಳಗಿನ ಕದನವನ್ನಾಗಿ ಮಾಡಿದ್ದಾನೆ. ಬಳಿಕ ಕೃಷ್ಣನ ಸನ್ನೆಯಂತೆ ಭೀಮನು ತೊಡೆಗೆ ಹೊಡೆಯುವನು. ಧರ್ಮಯುದ್ಧದ ಕಟ್ಟಳೆಯು ಮುರಿಯುವುದನ್ನು ಕಂಡು ಬಲರಾಮನು ಕೆರಳುವನು. ಆಶ್ರಯದಾತನ ವಿಜಯದ ಮೇಲೆಯೇ ಬಿದ್ದ ಈ ನೆರಳನ್ನು ಕವಿಯು ಒರಸಿಹಾಕಿಲ್ಲ.

೭

ಗದಾಯುದ್ಧದ ಮುಂದಿನ ಚರಿತ್ರೆಯು ಈ ವಿಚಾರಕ್ಕೆ ಪೋಷಕವಾಗಿದೆ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಗದಾಯುದ್ಧ ನಾಟಕಂ ಎಂಬ ಹೆಸರಿನಲ್ಲಿ ಈ ಚಂಪುವನ್ನು ದೃಶ್ಯರೂಪಕ್ಕೆ ತಿರುಗಿಸಿದರು. ಬಹುಮಟ್ಟಿಗೆ ರನ್ನನ ಮಾತುಗಳನ್ನೇ ಆರಿಸಿ, ಕೂಡಿಸಿ, ರಂಗಕ್ಕೆ ಅಳವಡಿಸಿದರು. ದುರ್ಯೋಧನನನ್ನು ಗ್ರೀಕ್ ದುರಂತನಾಟಕದ ನಾಯಕನಿಗೆ ಸಮಾನವಾದ ನೆಲೆಯಲ್ಲಿ ನೋಡಿದರು. ೧೯೨೯ರ ಅಶ್ವತ್ಥಾಮನ್ ನಾಟಕದಲ್ಲಿ ಸೋಫೋಕ್ಲೀಸನ ಏಜಾಕ್ಸನ ಕಥೆಯನ್ನು ಭಾರತಕ್ಕೆ ಹೊಂದಿಸಿದುದೂ, ೧೯೩೫ರ ಪಾರಸಿಕರು ಎಂಬುದರಲ್ಲಿ ಈಸ್ಕಿಲಸನನ್ನು ಕನ್ನಡಿಸಿದುದೂ ಇದೇ ದಾರಿಯ ಮುಂದಿನ ಹೆಜ್ಜೆಗಳು. ಕನ್ನಡದಲ್ಲಿ ದುರಂತನಾಟಕದ ವಿಚಾರವು ಮುಧೋಳದ ಕವಿಯ ದುರ್ಯೋಧನನಿಂದ ಬಲಗೊಂಡಿತೆನ್ನಬಹುದು.

ಸಂಸ್ಕೃತರಂಗದಿಂದ ಕನ್ನಡ ಚಂಪುವಿಗೆ, ಚಂಪುವಿನಿಂದ ಮರಳಿ ಕನ್ನಡರಂಗಕ್ಕೆ ಬಂದ ಈ ಪ್ರಯಾಣದಲ್ಲಿ ವಸ್ತುವು ಹೋದ ದಾರಿಯಲ್ಲಿಯೇ ಹಾಗೆಯೇ ಹಿಂದಿರುಗಲಿಲ್ಲ. ವೇಣೀಸಂಹಾರದ ಕೇಂದ್ರದಲ್ಲಿದ್ದವರು ಭೀಮ ಮತ್ತು ದ್ರೌಪದಿಯರು. ೧೯೨೬ರ ನಾಟಕದ ಕೇಂದ್ರದಲ್ಲಿ ನಿಂತವನು ದುರ್ಯೋಧನ. ಈ ಸ್ಥಾನಪಲ್ಲಟವನ್ನು ನಡುವೆ ಮಾಡಿದವನು ರನ್ನನೇ. ಅವನ ಸ್ವಂತಿಕೆಗೆ ಇದಕ್ಕಿಂತ ಪ್ರಬಲವಾದ ಪ್ರಮಾಣವನ್ನು ಹುಡುಕಬೇಕಾಗಿಲ್ಲ. ಪದ್ಯಕಥೆಯೂ ಆಟವೂ ಒಂದರೊಳಗೊಂದು ಹಾಯುವ ಈ ಕ್ರಮವು ಆ ನಾಡಿನಲ್ಲಿ ನಿಂತುಹೋಗಲಿಲ್ಲವೆಂಬುದನ್ನೂ ಇಲ್ಲಿ ಸ್ಮರಿಸಬಹುದು. ಬಾಗಲಕೋಟೆ, ಬೆಳಗಾವಿಗಳ ಹಳ್ಳಿಗಳಲ್ಲಿ ಬೆಳೆದು ಬಂದ ಶ್ರೀಕೃಷ್ಣಪಾರಿಜಾತವೆಂಬ ಬಯಲಾಟವೂ, ಅಪರಾಳ ತಮ್ಮಣ್ಣನ ಹೆಸರಿನಲ್ಲಿರುವ ರಚನೆಯನ್ನು ಕುಲಗೋಡ ತಮ್ಮಣ್ಣನು ಆಟಕ್ಕೆ ಹೊಂದಿಸಿದುದರಿಂದಲೇ ಪ್ರಸಿದ್ಧಿಗೆ ಬಂದಿತು.

೮

ಇಂತು ಮೂರು ಋಣಗಳನ್ನೂ ಎಣಿಸಿ ನೋಡಿದಲ್ಲಿ ಆಕ್ಷೇಪದ ಮೊದಲಿನ ಭಾಗವು ನಿಜವೆಂದೇ ಒಪ್ಪಬೇಕಾಗುತ್ತದೆ. ರನ್ನನಿಗೆ ಕಥೆಯು ಪಂಪನಿಂದ ಬಂದಿತು, ಮಾತಿನ ಕಟ್ಟು ನಾಟಕದಿಂದ ಬಂದಿತು, ನಾಯಕನು ಅರಮನೆಯಿಂದ ಬಂದನು. ಆದರೆ ಇವುಗಳಿಂದ ಏನೂ ಉಳಿಯಲಿಲ್ಲವೆಂಬ ಎರಡನೆಯ ಭಾಗವು ನಿಲ್ಲುವುದಿಲ್ಲ. ವಿಜಯಿಯ ಕಾವ್ಯವನ್ನು ಬರೆಯಲು ನಿಯೋಜಿತನಾದ ಕವಿಯು, ವಿಜಯಕ್ಕೆ ಸಲ್ಲಬೇಕಾದುದನ್ನೆಲ್ಲ ಸಲ್ಲಿಸಿದ ಮೇಲೆ, ತನ್ನ ಕಣ್ಣೀರನ್ನು ಸೋತವನಿಗಾಗಿ ಉಳಿಸಿಕೊಂಡನು. ಆ ಕಣ್ಣೀರನ್ನು ಪಂಪನಾಗಲಿ ಭಟ್ಟನಾರಾಯಣನಾಗಲಿ ಈ ಪ್ರಮಾಣದಲ್ಲಿ ಸುರಿಸಿರಲಿಲ್ಲ. ಸತ್ಯಾಶ್ರಯನು ಅದನ್ನು ಕೇಳಿರಲಿಲ್ಲ.

ಅನುಬದ್ಧ ಕೃತಿಯನ್ನು ಅನುಬಂಧದ ಕಾರಣದಿಂದಲೇ ಕೀಳೆಂದು ಎಣಿಸುವುದು ನ್ಯಾಯವಲ್ಲ. ದೂರದರ್ಶನಮಾಲೆಯ ಕಾದಂಬರಿಯೊಂದರಲ್ಲಿ ಮಗುವನ್ನು ಮಾರಿದ ತಾಯಿಯ ಸಂಕಟವು ಸ್ಥಳವನ್ನು ಪಡೆದಂತೆ, ಅರಸನ ಹೊಗಳಿಕೆಯ ಕಾವ್ಯವೊಂದರಲ್ಲಿ ಮಗನ ಹೆಣದ ಮುಂದೆ ನಿಂತ ತಂದೆಯ ಸಂಕಟವು ಸ್ಥಳವನ್ನು ಪಡೆದಿದೆ. ಗದಾಯುದ್ಧವನ್ನು ತರಗತಿಗಳಲ್ಲಿ ಪಾಠ ಹೇಳುವವರು ಆಯ್ದ ಪದ್ಯಗಳ ಶಬ್ದಾಡಂಬರವನ್ನೂ ಭೀಮನ ಗರ್ಜನೆಯನ್ನೂ ಮಾತ್ರ ತೋರಿಸಿ ನಿಲ್ಲಿಸಿದರೆ ಅರಮನೆಯ ಪಾಲು ಮಾತ್ರ ವಿದ್ಯಾರ್ಥಿಗಳ ಕೈಗೆ ಸಿಕ್ಕಿದಂತಾಗುವುದು. ಗದೆಯನ್ನು ಊರಿಕೊಂಡು ಹೆಣಗಳ ನಡುವೆ ನಡೆಯುವ ಅರಸನೊಡನೆ ಅವರನ್ನೂ ಕೊಳದ ವರೆಗೆ ನಡೆಸಿಕೊಂಡು ಹೋದಲ್ಲಿ ಮುದುವೊಳಲ ಕವಿಯ ಪಾಲು ಅವರಿಗೆ ದೊರೆಯುವುದು.